ಹೆವಿವೇಟ್ ರೀಮ್ಯಾಚ್ ಯಾರ ಕಡೆ ವಾಲುತ್ತದೆ?

ಬಾಕ್ಸಿಂಗ್‌ನಲ್ಲಿ ರೀಮ್ಯಾಚ್, ಅಂದರೆ ಅದೇ ಇಬ್ಬರ ನಡುವೆ ಮತ್ತೊಂದು ಪಂದ್ಯ, ಘೋಷಣೆಯಾದ ದಿನವೇ ಅಭಿಮಾನಿಗಳು ಎರಡು ಪಾಳಯವಾಗುತ್ತಾರೆ. ಒಮ್ಮೆ ಹೊಡೆದವನು ಮತ್ತೆ ಹೊಡೆದೇ ಹೊಡೆಯುತ್ತಾನೆ ಅನ್ನುವವರು ಒಂದು ಕಡೆ, ಸೋತವನು ಪಾಠ ಕಲಿತು ಬರುತ್ತಾನೆ ಅನ್ನುವವರು ಇನ್ನೊಂದು ಕಡೆ. ಹೆವಿವೇಟ್ (ಅತಿ ಭಾರದ ವರ್ಗ) ಇತಿಹಾಸದಲ್ಲಿ ಇಬ್ಬರಿಗೂ ಬೇಕಾದಷ್ಟು ಸಾಕ್ಷ್ಯ ಸಿಗುತ್ತದೆ. 1936ರಲ್ಲಿ ಮ್ಯಾಕ್ಸ್ ಷ್ಮೆಲಿಂಗ್ ಎದುರು 12ನೇ ರೌಂಡ್‌ನಲ್ಲಿ ನಾಕೌಟ್ ಆಗಿದ್ದ ಜೋ ಲೂಯಿಸ್, 1938ರಲ್ಲಿ ಅದೇ ಷ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಮುಗಿಸಿದ. ಇನ್ನು ಜೋ ಫ್ರೇಜಿಯರ್ ಕಥೆ ನೋಡಿ: 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಅವನನ್ನು ಎರಡು ರೌಂಡ್‌ನೊಳಗೆ ಆರು ಸಲ ನೆಲಕ್ಕೆ ಕೆಡವಿದ. 1976ರಲ್ಲಿ ಫ್ರೇಜಿಯರ್ ಬೇರೆ ರೀತಿ ಆಡಲು ನೋಡಿದ, ಸ್ವಲ್ಪ ಹೆಚ್ಚು ಹೊತ್ತು ನಿಂತ, ಐದನೇ ರೌಂಡ್‌ನಲ್ಲಿ ಮತ್ತೆ ಸೋತ.

ಈ ಎರಡು ಜೋಡಿಗಳ ನಡುವಿನ ವ್ಯತ್ಯಾಸ ಎಲ್ಲಿದೆ ಅನ್ನುವುದೇ ನನಗೆ ಮುಖ್ಯ. ಛಲ, ಸೇಡು, ಹಸಿವು ಇತ್ಯಾದಿಗಳನ್ನು ಪ್ರಚಾರದವರಿಗೆ ಬಿಟ್ಟುಬಿಡೋಣ. ಮೊದಲ ಪಂದ್ಯ ಸೋತದ್ದು ಯಾವ ಕಾರಣಕ್ಕೆ, ಆ ಕಾರಣ ಎರಡು ಪಂದ್ಯಗಳ ನಡುವೆ ಸಿಗುವ ತಿಂಗಳುಗಳಲ್ಲಿ ಸರಿಹೋಗುವಂಥದ್ದೇ? ಊಹೆಯ ಮುಕ್ಕಾಲು ಭಾಗ ಈ ಪ್ರಶ್ನೆಯಲ್ಲೇ ಇದೆ. ಲೂಯಿಸ್‌ನದು ಕೈ ಅಭ್ಯಾಸದ ತಪ್ಪು, ತಿದ್ದಲು ಅವನಿಗೆ ಎರಡು ವರ್ಷ ಸಿಕ್ಕಿತು. ಫ್ರೇಜಿಯರ್‌ನ ಸಮಸ್ಯೆ ಅವನ ಇಡೀ ಆಟವೇ ಆಗಿತ್ತು. ತಲೆ ತಗ್ಗಿಸಿ, ಮೈ ತೂಗುತ್ತಾ ಎದುರಾಳಿಯ ಎದೆಗೆ ನುಗ್ಗುವವನು ಅವನು. ಫೋರ್‌ಮನ್ ಉದ್ದ ಕೈಗಳಿಂದ ಅವನ ಹೆಗಲು ತಳ್ಳಿ ನಿಲ್ಲಿಸಿ, ತಗ್ಗಿದ ತಲೆಗೆ ಕೆಳಗಿನಿಂದ ಅಪ್ಪರ್‌ಕಟ್ ಎತ್ತುವವನು. ನುಗ್ಗದಿದ್ದರೆ ಫ್ರೇಜಿಯರ್‌ಗೆ ಹೊಡೆಯಲು ಕೈ ಎಟಕುವುದಿಲ್ಲ, ನುಗ್ಗಿದರೆ ಅಪ್ಪರ್‌ಕಟ್ ಕಾದಿರುತ್ತದೆ. ಯಾವ ಟ್ರೇನರ್ ಬಂದರೂ ಇದಕ್ಕೆ ಮದ್ದಿರಲಿಲ್ಲ.

ಮೊದಲ ಪಂದ್ಯವನ್ನು ಮತ್ತೆ ನೋಡುವ ಬಗೆ

ಹೈಲೈಟ್ಸ್ ನೋಡಿ ರೀಮ್ಯಾಚ್ ಊಹಿಸುವುದು ವ್ಯರ್ಥ. ಪೂರ್ತಿ ಪಂದ್ಯವನ್ನು ಕನಿಷ್ಠ ಮೂರು ಸಲ ನೋಡಬೇಕು, ಪ್ರತಿ ಸಲವೂ ಬೇರೆ ಕಡೆ ಕಣ್ಣಿಟ್ಟು.

ಮೊದಲ ಸಲ ದನಿ ತೆಗೆದು, ರೌಂಡ್ ರೌಂಡ್‌ಗೆ ಅಂಕ ಬರೆಯುತ್ತಾ ನೋಡಿ. ಕಾಮೆಂಟರಿ ಹೇಳುವವರು ಒಂದು ಕಥೆ ಹಿಡಿದುಕೊಂಡರೆ ಅದನ್ನು ಕೊನೆಯ ತನಕ ಬಿಡುವುದಿಲ್ಲ, ಪ್ರೇಕ್ಷಕರ ಕೂಗು ಗಾರ್ಡ್‌ಗೆ (ಮುಖದ ಮುಂದೆ ಅಡ್ಡ ಹಿಡಿದ ಕೈಗಳಿಗೆ) ತಾಗಿದ ಪೆಟ್ಟನ್ನೂ ಮುಖಕ್ಕೆ ತಾಗಿದಂತೆ ಕೇಳಿಸುತ್ತದೆ. ಎರಡನೇ ಸಲ ಸೊಂಟದಿಂದ ಕೆಳಗೆ ಮಾತ್ರ ನೋಡಿ. ಯಾರ ಮುಂದಿನ ಪಾದ ಹೊರಗಡೆ ಇದೆ, ಯಾರ ಹಿಮ್ಮಡಿ ಹಗ್ಗಕ್ಕೆ ತಾಗುತ್ತಿದೆ, ಪೆಟ್ಟು ಹಾಕಿದ ಮೇಲೆ ಯಾರು ಅಲ್ಲೇ ನಿಲ್ಲುತ್ತಾರೆ, ಯಾರು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಮೂರನೇ ಸಲ ತಿರುವು ಸಿಕ್ಕ ರೌಂಡ್ ಒಂದನ್ನೇ ಹಿಡಿದು, ನಿರ್ಣಾಯಕ ಪೆಟ್ಟಿನ ಹಿಂದಿನ 30 ಸೆಕೆಂಡನ್ನು ನಿಧಾನಗತಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿ. ನಾಕ್‌ಡೌನ್ ಆದ, ಅಂದರೆ ಎದುರಾಳಿಯನ್ನು ನೆಲಕ್ಕೆ ಕೆಡವಿದ, ಪೆಟ್ಟು ಒಂದೇ ಸಲ ಬಂದಿರುವುದು ಅಪರೂಪ. ಅದೇ ಪೆಟ್ಟು ಅದೇ ದಾರಿಯಲ್ಲಿ ಹಿಂದಿನ ರೌಂಡ್‌ಗಳಲ್ಲಿ ಎರಡು ಮೂರು ಸಲ ಬಂದು, ಕೂದಲೆಳೆಯಲ್ಲಿ ತಪ್ಪಿಯೋ ಅರ್ಧಂಬರ್ಧ ತಾಗಿಯೋ ಹೋಗಿರುತ್ತದೆ. ಹಾಗೆ ಮುಂಚೆಯೇ ಕಾಣಿಸಿಕೊಂಡಿದ್ದರೆ ಅದು ಅದೃಷ್ಟದ ಪೆಟ್ಟಲ್ಲ, ರೀಮ್ಯಾಚ್‌ನಲ್ಲೂ ಬರುತ್ತದೆ.

ಕ್ಲಿಂಚ್‌ಗಳ ಲೆಕ್ಕವನ್ನೂ ಇಡಿ. ಒಟ್ಟು ಎಷ್ಟು ಅನ್ನುವುದಕ್ಕಿಂತ, ತಬ್ಬಿ ಹಿಡಿದವನು ಯಾರು ಮತ್ತು ಯಾವ ರೌಂಡ್‌ನಿಂದ ಅದು ಹೆಚ್ಚಾಯಿತು ಅನ್ನುವುದು ಮುಖ್ಯ. ಬಾಯಿ ತೆರೆದು ಉಸಿರಾಡಲು ಶುರುವಾದ ರೌಂಡ್ ಯಾವುದು, ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಪೆಟ್ಟು) ಹಾಕಿದ ಕೈ ಗದ್ದದ ಎತ್ತರಕ್ಕೇ ವಾಪಸ್ಸಾಗುತ್ತಿದೆಯೋ ಎದೆ ಮಟ್ಟಕ್ಕೆ ಇಳಿಯುತ್ತಿದೆಯೋ ಎಂಬುದನ್ನೂ ಬರೆದುಕೊಳ್ಳಿ. ಟಿವಿಯಲ್ಲಿ ತೋರಿಸುವ ಪೆಟ್ಟಿನ ಅಂಕಿಗಳನ್ನು ನಾನು ಕೊನೆಗೆ ನೋಡುತ್ತೇನೆ. ಅವನ್ನು ರಿಂಗ್ ಪಕ್ಕ ಕೂತವರು, ಒಬ್ಬರು ಒಬ್ಬ ಬಾಕ್ಸರ್‌ನಂತೆ, ಕೀಲಿ ಒತ್ತಿ ಎಣಿಸುತ್ತಾರೆ. ಮೊಣಕಾಲು ಅಲುಗಾಡಿಸಿದ ಪೆಟ್ಟೂ ಮೂಗಿನ ತುದಿ ಸವರಿದ ಜ್ಯಾಬೂ ಆ ಎಣಿಕೆಯಲ್ಲಿ ಒಂದೊಂದೇ.

ಬೇಗ ಬದಲಾಗುವುದು, ನಿಧಾನ ಬದಲಾಗುವುದು

ಸೋಲಿನ ಕಾರಣಗಳಲ್ಲಿ ಅತಿ ಬೇಗ ಸರಿಹೋಗುವುದು ದೇಹಸ್ಥಿತಿ. 2001ರ ಏಪ್ರಿಲ್‌ನಲ್ಲಿ ಲೆನಾಕ್ಸ್ ಲೂಯಿಸ್ ದಕ್ಷಿಣ ಆಫ್ರಿಕಾದ ಬ್ರಾಕ್‌ಪಾನ್‌ನಲ್ಲಿ ಹಸೀಮ್ ರಹಮಾನ್ ಎದುರು ಐದನೇ ರೌಂಡ್‌ನಲ್ಲಿ ನಾಕೌಟ್ ಆದಾಗ ಅವನ ತೂಕ 253.5 ಪೌಂಡ್. ಆ ಊರು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಅವನು ತಡವಾಗಿ ಹೋದ, ದೇಹ ಒಗ್ಗಿಕೊಳ್ಳಲು ಸಮಯವಾಗಲಿಲ್ಲ, ನಾಲ್ಕನೇ ರೌಂಡ್‌ಗೇ ಏದುಸಿರು. ಅದೇ ವರ್ಷ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ 246.5 ಪೌಂಡ್‌ಗೆ ಇಳಿದು ಬಂದು ನಾಲ್ಕನೇ ರೌಂಡ್‌ನಲ್ಲಿ ರಹಮಾನ್‌ನನ್ನು ಮಲಗಿಸಿದ. ಇಂಥ ರೀಮ್ಯಾಚ್ ಊಹಿಸುವುದು ಸುಲಭ. ಮೇಲುಗೈ ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು, ಮೊದಲ ರಾತ್ರಿ ಅದು ಕಾಣಿಸಲಿಲ್ಲ ಅಷ್ಟೇ.

ಆಮೇಲಿನದು ಯೋಜನೆ. 1978ರ ಫೆಬ್ರವರಿಯಲ್ಲಿ ಮುಹಮ್ಮದ್ ಅಲಿ, ಲಿಯಾನ್ ಸ್ಪಿಂಕ್ಸ್ ದಣಿಯಲಿ ಎಂದು ಹಗ್ಗಕ್ಕೆ ಒರಗಿ ರೌಂಡ್‌ಗಳನ್ನು ಬಿಟ್ಟುಕೊಟ್ಟ. ಹುಡುಗ ದಣಿಯಲೇ ಇಲ್ಲ, ಅಲಿ ಸೋತ. ಸೆಪ್ಟೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹಗ್ಗದ ಹತ್ತಿರ ಸುಳಿಯದೆ ಜ್ಯಾಬ್ ಹಾಕು, ಒಳಗೆ ಬಂದರೆ ತಬ್ಬು, ಬಿಡಿಸಿದ ಮೇಲೆ ಮತ್ತೆ ಜ್ಯಾಬ್ ಎಂದು 15 ರೌಂಡ್ ಕಳೆದು ಸ್ಪಷ್ಟವಾಗಿ ಗೆದ್ದ. ನೋಡಲು ಚೆಂದವಿರಲಿಲ್ಲ. 36ರ ದೇಹಕ್ಕೆ ಅಳವಡುವ ಯೋಜನೆ ಅದಾಗಿತ್ತು. ಹೊಸ ಯೋಜನೆಗೆ ಬೇಕಾದ ಸರಕು ಬಾಕ್ಸರ್‌ನ ಬಳಿ ಮೊದಲೇ ಇದ್ದರೆ ಒಂದು ತರಬೇತಿ ಕ್ಯಾಂಪಿನಲ್ಲಿ, ಅಂದರೆ 8ರಿಂದ 12 ವಾರದಲ್ಲಿ, ಅದನ್ನು ಹೊರತೆಗೆಯಬಹುದು. ಇಲ್ಲದ್ದನ್ನು ಅಷ್ಟರಲ್ಲಿ ಹುಟ್ಟಿಸಲಾಗದು.

ಅಭ್ಯಾಸ ಇನ್ನೂ ಕಷ್ಟದ್ದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ರಿಂಗ್‌ನಲ್ಲಿ ಎಂಟನೇ ರೌಂಡ್‌ನ ನಂತರ ಅಕ್ಷರಶಃ ನಿಜ. ಷ್ಮೆಲಿಂಗ್ 1936ರ ಪಂದ್ಯಕ್ಕೆ ಮುಂಚೆ ಜೋ ಲೂಯಿಸ್‌ನ ಆಟ ನೋಡಿ ಗುರುತಿಸಿದ್ದು ಒಂದೇ ಒಂದು ವಿಷಯ: ಎಡಗೈ ಜ್ಯಾಬ್ ಹಾಕಿದ ಮೇಲೆ ಆ ಕೈ ಕೆಳಗಿಳಿದು ವಾಪಸ್ಸಾಗುತ್ತದೆ, ಆ ಕ್ಷಣದಲ್ಲಿ ಎಡ ದವಡೆ ಬಯಲು. ಬಲಗೈ ಪೆಟ್ಟನ್ನು ಆ ಸಂದಿಗೇ ಕಳಿಸುತ್ತಾ ಹೋದ. ಎರಡನೇ ಪಂದ್ಯದಲ್ಲಿ ಲೂಯಿಸ್ ಕೈ ತಿದ್ದಿಕೊಂಡಿದ್ದು ಅರ್ಧ ಉತ್ತರ. ಇನ್ನರ್ಧ, ಷ್ಮೆಲಿಂಗ್‌ಗೆ ಕಾದು ಹೊಡೆಯಲು ದೂರವನ್ನೂ ಹೊತ್ತನ್ನೂ ಕೊಡದೆ ಗಂಟೆ ಬಾರಿಸಿದ ಕೂಡಲೇ ಮೇಲೆ ಬಿದ್ದದ್ದು. ತಪ್ಪು ಅಭ್ಯಾಸವನ್ನು ಪೂರ್ತಿ ಅಳಿಸಲಾಗದಿದ್ದರೆ, ಅದು ಕಾಣುವಂಥ ಸನ್ನಿವೇಶವನ್ನೇ ಇಲ್ಲದಂತೆ ಮಾಡುವುದು ಒಳ್ಳೆಯ ಕಾರ್ನರ್‌ನ (ಮೂಲೆಯಲ್ಲಿರುವ ಟ್ರೇನರ್ ತಂಡದ) ಕೆಲಸ. ಆದ್ದರಿಂದ ಸೋತವನ ಕಡೆಯವರು 'ಗಾರ್ಡ್ ಸರಿಮಾಡಿದ್ದೇವೆ' ಅಂದರೆ ನನಗೆ ನಂಬಿಕೆ ಕಡಿಮೆ, 'ಆ ದೂರದಲ್ಲಿ ನಿಲ್ಲುವುದೇ ಇಲ್ಲ' ಅಂದರೆ ಹೆಚ್ಚು.

ಎತ್ತರ, ಕೈಯುದ್ದ, ನಿಲುವು ಬದಲಾಗುವುದೇ ಇಲ್ಲ. ಎಡಗೈ ಹಿಂದಿಟ್ಟು ಬಲಗಾಲು ಮುಂದಿಟ್ಟು ನಿಲ್ಲುವ ಸೌತ್‌ಪಾ ಎದುರಾಳಿಯಾದರೆ ಇದು ಇನ್ನೂ ತೊಡಕು. ಜೋ ಜಾಯ್ಸ್ 2023ರ ಏಪ್ರಿಲ್‌ನಲ್ಲಿ ಸೌತ್‌ಪಾ ಝಾಂಗ್ ಝಿಲೇಯ ನೇರ ಎಡಗೈ ಪೆಟ್ಟುಗಳನ್ನು ತಿಂದು ಬಲಗಣ್ಣು ಮುಚ್ಚಿಹೋಗಿ ಆರನೇ ರೌಂಡ್‌ನಲ್ಲಿ ಸೋತ. ಐದೇ ತಿಂಗಳಲ್ಲಿ ರೀಮ್ಯಾಚ್. ಆ ನಡುವೆ ಅವನ ತೂಕ ಸುಮಾರು 25 ಪೌಂಡ್ ಏರಿತ್ತು, ತಲೆ ಮಾತ್ರ ಮೊದಲಿನಂತೆಯೇ ನಡುದಾರಿಯಲ್ಲಿ ಅಲುಗಾಡದೆ ನಿಂತಿತ್ತು. ಈ ಸಲ ಎಡಗೈಯ ಮೇಲೇ ಕಣ್ಣಿಟ್ಟವನಿಗೆ ಬಲಗೈ ಹುಕ್ (ಪಕ್ಕದಿಂದ ಬಳಸಿ ಬರುವ ಪೆಟ್ಟು) ಬಂತು, ಮೂರನೇ ರೌಂಡ್‌ಗೆ ಕಥೆ ಮುಗಿಯಿತು. ಒಂದು ಪೆಟ್ಟಿಗೆ ಉತ್ತರ ಹುಡುಕಿದವನು ಅದರ ಜೋಡಿ ಪೆಟ್ಟಿಗೆ ಸಿಗುವುದನ್ನು ರೀಮ್ಯಾಚ್‌ಗಳಲ್ಲಿ ಮತ್ತೆ ಮತ್ತೆ ನೋಡಬಹುದು.

ರುಯಿಜ್, ಜೋಶುವಾ: ಆರು ತಿಂಗಳಲ್ಲಿ ಆದದ್ದು

2019ರ ಜೂನ್ 1ರಂದು ನ್ಯೂಯಾರ್ಕ್‌ನಲ್ಲಿ ಆಂಡಿ ರುಯಿಜ್ ಏಳನೇ ರೌಂಡ್‌ನಲ್ಲಿ ಆಂಥನಿ ಜೋಶುವಾನನ್ನು ಸೋಲಿಸಿದ್ದನ್ನು ಬಿಡಿಸಿ ನೋಡಿದರೆ ರೀಮ್ಯಾಚ್ ಊಹೆಯ ಎಲ್ಲ ಅಂಶಗಳೂ ಅಲ್ಲೇ ಸಿಗುತ್ತವೆ. ಜೋಶುವಾ ಮೂರನೇ ರೌಂಡ್‌ನಲ್ಲಿ ರುಯಿಜ್‌ನನ್ನು ಎಡಗೈ ಹುಕ್‌ನಿಂದ ಕೆಡವಿದ್ದ. ಮುಗಿಸುವ ಆತುರದಲ್ಲಿ ಹತ್ತಿರ ನಿಂತು ಪೆಟ್ಟು ವಿನಿಮಯಕ್ಕಿಳಿದ. ಅಲ್ಲಿ ರುಯಿಜ್‌ನ ಗಿಡ್ಡ ಕೈಗಳು ಜೋಶುವಾನ ಉದ್ದ ಕೈಗಳಿಗಿಂತ ಬೇಗ ಗುರಿ ಮುಟ್ಟುತ್ತವೆ. ಜೋಶುವಾನ ಕೈಯಳತೆ 82 ಇಂಚು, ರುಯಿಜ್‌ನದು 74. ಎಂಟು ಇಂಚಿನ ಅನುಕೂಲ ಆಚೆ ದೂರದಲ್ಲಿ ವರ, ಮೊಣಕೈ ಮಡಚಿ ಹೊಡೆಯಬೇಕಾದ ದೂರದಲ್ಲಿ ಹೊರೆ. ಕಣತಲೆಗೆ ಬಿದ್ದ ಹುಕ್‌ನಿಂದ ಜೋಶುವಾನ ಕಾಲು ಹೋಯಿತು, ಮತ್ತೆ ಬರಲಿಲ್ಲ. ಒಟ್ಟು ನಾಲ್ಕು ನಾಕ್‌ಡೌನ್.

ಕಾರಣ ಯಾವ ಬಗೆಯದು? ದೂರದ ತಪ್ಪು, ಅಂದರೆ ಯೋಜನೆಯದು. ಜೋಶುವಾನ ಬಳಿ ಒಳ್ಳೆಯ ಜ್ಯಾಬ್ ಮೊದಲಿನಿಂದ ಇತ್ತು, ಹಿಂದಕ್ಕೆ ಸರಿಯುವ ಕಾಲೂ ಇತ್ತು, ಬಳಸುವ ಮನಸ್ಸಿರಲಿಲ್ಲ. ಆ ಕಾರಣ ಆರು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಬರೆಯಲು ಹಿಂಜರಿಯಬೇಕಿರಲಿಲ್ಲ. ಹಿಂಜರಿಕೆಗೆ ಕಾರಣ ಇನ್ನೊಂದು: ನಾಲ್ಕು ಸಲ ಬಿದ್ದವನ ತಲೆಯೊಳಗೆ ಏನು ಉಳಿದಿದೆ ಎಂದು ತೂಕದ ಯಂತ್ರ ಹೇಳುವುದಿಲ್ಲ. ಆದರೆ ಅದು ಬೇರೆ ಏನೋ ಹೇಳಿತು. ಡಿಸೆಂಬರ್ 7ರಂದು ಸೌದಿಯ ದಿರಿಯಾದಲ್ಲಿ ನಡೆದ ರೀಮ್ಯಾಚ್‌ಗೆ ಜೋಶುವಾ 247.8ರಿಂದ 237.8 ಪೌಂಡ್‌ಗೆ ಇಳಿದಿದ್ದ. ರುಯಿಜ್ 268ರಿಂದ 283.7ಕ್ಕೆ ಏರಿದ್ದ. ಒಬ್ಬನ ತೂಕ ಓಡಾಡುವ ಯೋಜನೆಗೆ ಹೊಂದುತ್ತದೆ, ಇನ್ನೊಬ್ಬನದು ಅಟ್ಟಿಸಿಕೊಂಡು ಹೋಗಬೇಕಾದವನಿಗೆ ಹೊಂದುವುದಿಲ್ಲ. 12 ರೌಂಡ್ ಜ್ಯಾಬ್, ಒಂದು ಹೆಜ್ಜೆ ಪಕ್ಕಕ್ಕೆ, ಅಗತ್ಯ ಬಿದ್ದರೆ ತಬ್ಬು. ತೀರ್ಪು 118-110, 118-110, 119-109. ಬೇಸರದ ಪಂದ್ಯ ಅಂದವರು ಬಹಳ. ಅದರ ಬೇಸರವೇ ಅದರ ಯಶಸ್ಸು ಎಂದು ನನ್ನ ಅಭಿಪ್ರಾಯ.

ತೂಕದ ಬಗ್ಗೆ ಒಂದು ಎಚ್ಚರಿಕೆ. ಹೆವಿವೇಟ್‌ಗೆ ಮೇಲಿನ ಮಿತಿ ಇಲ್ಲ, ಹಾಗಾಗಿ ಬಾಕ್ಸರ್‌ಗಳು ಬಟ್ಟೆ, ಬೂಟು, ಟೋಪಿಯ ಸಮೇತ ಯಂತ್ರ ಹತ್ತುವುದುಂಟು. ಮೂರು ನಾಲ್ಕು ಪೌಂಡ್ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಹತ್ತು ದಾಟಿದರೆ ಮಾತ್ರ ಅದು ಸುದ್ದಿ. ಆಗಲೂ ಏರಿತೋ ಇಳಿಯಿತೋ ಅನ್ನುವುದಕ್ಕಿಂತ, ಯಾವ ಕೆಲಸಕ್ಕೆಂದು ಏರಿತು ಎಂದು ಕೇಳಿ. 2020ರ ಫೆಬ್ರವರಿಯಲ್ಲಿ ಟೈಸನ್ ಫ್ಯೂರಿ, ಡಿಯಾಂಟೆ ವೈಲ್ಡರ್ ಇಬ್ಬರೂ ಮೊದಲ ಪಂದ್ಯಕ್ಕಿಂತ ಭಾರವಾಗಿ ಬಂದರು: ಫ್ಯೂರಿ 256.5ರಿಂದ 273ಕ್ಕೆ, ವೈಲ್ಡರ್ 212.5ರಿಂದ 231ಕ್ಕೆ. ಫ್ಯೂರಿಗೆ ಆ ತೂಕ ಆಯುಧ. ಮುಂದೆ ನಡೆದು, ತಬ್ಬಿದಾಗ ವೈಲ್ಡರ್‌ನ ಕತ್ತಿನ ಮೇಲೆ ಒರಗಿ, ಅವನ ಕಾಲಿನ ಶಕ್ತಿ ಹಿಂಡಿದ. ವೈಲ್ಡರ್‌ಗೆ ಅದು ತೆಳ್ಳನೆಯ ಕಾಲುಗಳ ಮೇಲೆ ಹೆಚ್ಚುವರಿ ಹೊರೆಯಾಯಿತು. ಮೂರನೇ, ಐದನೇ ರೌಂಡ್‌ಗಳಲ್ಲಿ ಬಿದ್ದ, ಏಳನೆಯದರಲ್ಲಿ ಅವನ ಕಾರ್ನರ್ ಸೋಲೊಪ್ಪಿ ಟವೆಲ್ ಎಸೆಯಿತು.

ಅದೇ ಪಂದ್ಯಕ್ಕೆ ಮುಂಚೆ ಫ್ಯೂರಿ 'ಈ ಸಲ ಮುಂದೆ ನುಗ್ಗಿ ನಾಕೌಟ್ ಮಾಡುತ್ತೇನೆ' ಎಂದು ಬಹಿರಂಗವಾಗಿ ಹೇಳಿದ್ದ, ಬಹುಪಾಲು ಜನ ಅದನ್ನು ಬೊಗಳೆ ಎಂದುಕೊಂಡರು. ಬಾಯಿಮಾತು ನಂಬಬೇಕಿರಲಿಲ್ಲ, ನಿಜ. ಆದರೆ ಟ್ರೇನರ್ ಬದಲಾಗಿದ್ದ. ಡೆಟ್ರಾಯಿಟ್‌ನ ಕ್ರಾಂಕ್ ಜಿಮ್ ಪರಂಪರೆಯ ಶುಗರ್‌ಹಿಲ್ ಸ್ಟೀವರ್ಡ್ ಬಂದಿದ್ದ. ಆ ಜಿಮ್ ಕಲಿಸುವುದೇ ಹಿಂಗಾಲಿನ ಮೇಲೆ ಕೂತು, ಉದ್ದ ಕೈಯಿಂದ ನೇರ ಬಲ ಪೆಟ್ಟು ಹಾಕುವುದನ್ನು. ಮಾತು, ಟ್ರೇನರ್, ತೂಕ ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿದರೆ ನಂಬಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತಿದ್ದರೆ, ಅಂದರೆ ಟ್ರೇನರ್ ಕಾಲಾಟದವನು, ತೂಕ 20 ಪೌಂಡ್ ಜಾಸ್ತಿ, ಬಾಯಲ್ಲಿ ನಾಕೌಟ್ ಎಂದಿದ್ದರೆ, ಆ ಕ್ಯಾಂಪಿನಲ್ಲಿ ಯೋಜನೆಯೇ ಇಲ್ಲ ಎಂದು ಊಹಿಸುವುದು ಸುರಕ್ಷಿತ.

ಒಂದು ಅಂಕದ ಮೋಸ

ಸೌತ್‌ಪಾ ಒಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಜೋಡಿಯ ಮೊದಲ ಪಂದ್ಯದ ಅಂಕಪಟ್ಟಿಯನ್ನು ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸ. 2024ರ ಮೇ 18, ರಿಯಾದ್. ಇಬ್ಬರು ಜಡ್ಜ್‌ಗಳು ಉಸಿಕ್‌ಗೆ 115-112, 114-113 ಕೊಟ್ಟರು, ಒಬ್ಬರು ಫ್ಯೂರಿಗೆ 114-113. ರೌಂಡ್ ಗೆದ್ದವನಿಗೆ 10, ಸೋತವನಿಗೆ 9, ನಾಕ್‌ಡೌನ್ ಆದರೆ 8. ಒಂಬತ್ತನೇ ರೌಂಡ್‌ನಲ್ಲಿ ಹಗ್ಗ ಹಿಡಿದು ತತ್ತರಿಸುತ್ತಿದ್ದ ಫ್ಯೂರಿಗೆ ರೆಫರಿ ಎಣಿಸಿ, ಅದೂ ನಾಕ್‌ಡೌನ್ ಎಂದಾದ್ದರಿಂದ ಅಲ್ಲೊಂದು ಅಂಕ ಹೆಚ್ಚುವರಿ ಕಡಿತ. ಹಿಂದಕ್ಕೆ ಲೆಕ್ಕ ಹಾಕಿದರೆ ಮೂರು ಪಟ್ಟಿಗಳಲ್ಲಿ ಉಸಿಕ್ ಗೆದ್ದ ರೌಂಡ್‌ಗಳು 7, 6, 5. ಆ ಒಂದು ಅಂಕ ಇಲ್ಲದಿದ್ದರೆ 115-113, 114-114, 113-115, ಅಂದರೆ ಡ್ರಾ.

ಇದನ್ನು ನೋಡಿದವರಿಗೆ ತಕ್ಷಣ ಹೊಳೆಯುವ ತೀರ್ಮಾನ: ಒಂಬತ್ತನೇ ರೌಂಡ್ ಒಂದನ್ನು ತಪ್ಪಿಸಿಕೊಂಡರೆ ಫ್ಯೂರಿಗೆ ಗೆಲುವು ಕೈಯಳತೆಯಲ್ಲಿದೆ. ಇಲ್ಲೇ ಎಡವುವುದು. ಒಂಬತ್ತನೇ ರೌಂಡ್ ಆಕಾಶದಿಂದ ಬೀಳಲಿಲ್ಲ. ನಾಲ್ಕನೆಯದರಿಂದ ಫ್ಯೂರಿ ಹೊಟ್ಟೆಗೆ ಹಾಕುತ್ತಿದ್ದ ಪೆಟ್ಟುಗಳು, ಒಳಗಿನಿಂದ ಎತ್ತುತ್ತಿದ್ದ ಅಪ್ಪರ್‌ಕಟ್‌ಗಳು ಕೆಲಸ ಮಾಡಿದ್ದು ನಿಜ. ಆದರೆ ಆ ಹೊತ್ತಿನಲ್ಲೂ ಉಸಿಕ್ ಹಿಂದೆ ಸರಿದು ವಿಶ್ರಾಂತಿ ತೆಗೆದುಕೊಳ್ಳಲಿಲ್ಲ, ಫ್ಯೂರಿಗೂ ಕೊಡಲಿಲ್ಲ. ಬಲಪಾದವನ್ನು ಫ್ಯೂರಿಯ ಎಡಪಾದದ ಹೊರಗಿಟ್ಟು, ಮುಂದಿನ ಕೈಯಿಂದ ಅವನ ಜ್ಯಾಬ್ ತಟ್ಟುತ್ತಾ, ಪ್ರತಿ ಕೆಲವು ಸೆಕೆಂಡಿಗೊಮ್ಮೆ ಒಂದು ನಿರ್ಧಾರ ತೆಗೆದುಕೊಳ್ಳುವಂತೆ ಮಾಡುತ್ತಿದ್ದ. ಎಂಟನೆಯದರಲ್ಲಿ ಎಡಗೈ ಪೆಟ್ಟುಗಳು ಮುಖಕ್ಕೆ ಸರಿಯಾಗಿ ಕೂರತೊಡಗಿದವು, ಒಂಬತ್ತಕ್ಕೆ ಕುಸಿತ. ಕಾರಣ ಬಳಲಿಕೆ, ಅದನ್ನು ಹೇರಿದ್ದು ಉಸಿಕ್‌ನ ವೇಗ.

ಹಾಗಿದ್ದರೆ ಫ್ಯೂರಿಗೆ ಡಿಸೆಂಬರ್‌ನಲ್ಲಿ ಎರಡು ದಾರಿ. ಹಗುರಾಗಿ ಬಂದು 12 ರೌಂಡ್ ಅದೇ ವೇಗಕ್ಕೆ ಉತ್ತರ ಕೊಡುವುದು, ಇಲ್ಲವೇ ಭಾರವಾಗಿ ಬಂದು ಆರು ರೌಂಡ್‌ನೊಳಗೆ ಉಸಿಕ್‌ನನ್ನು ಒತ್ತಿ ಸವೆಸುವುದು. ಯಂತ್ರ 281 ತೋರಿಸಿತು, ಮೇನಲ್ಲಿ 262 ಇತ್ತು. ಎರಡನೆಯ ದಾರಿ ಅಂದುಕೊಂಡರೂ ಅದಕ್ಕೆ ಬೇಕಾದದ್ದು ಒರಗಲು ಸಿಗುವ ಎದುರಾಳಿ. ತನ್ನ ಪೆಟ್ಟು ಮುಗಿದ ಜಾಗದಲ್ಲಿ ನಿಲ್ಲದವನ ಮೇಲೆ ಒರಗುವುದು ಹೇಗೆ? 2024ರ ಡಿಸೆಂಬರ್ 21ರ ತೀರ್ಪು ಮೂರೂ ಪಟ್ಟಿಗಳಲ್ಲಿ 116-112. ಎಂಟು ರೌಂಡ್ ಉಸಿಕ್‌ಗೆ, ನಾಲ್ಕು ಫ್ಯೂರಿಗೆ, ನಾಕ್‌ಡೌನ್ ಇಲ್ಲ. ಮೊದಲ ಪಂದ್ಯ ಕೂದಲೆಳೆಯದು ಅನ್ನಿಸಿದ್ದರೂ ಎರಡನೆಯದು ಹೆಚ್ಚು ಸ್ಪಷ್ಟವಾಯಿತು. ಗೆದ್ದವನೂ ಪಂದ್ಯದಿಂದ ಕಲಿಯುತ್ತಾನೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋಗುವುದು ಊಹೆ ಮಾಡುವವರ ಸಾಮಾನ್ಯ ದೋಷ.

ಉಸಿಕ್‌ನ ಇನ್ನೊಂದು ರೀಮ್ಯಾಚ್ ಬೇರೊಂದು ಬಲೆಯನ್ನು ತೋರಿಸುತ್ತದೆ. 2023ರ ಆಗಸ್ಟ್‌ನಲ್ಲಿ ಅವನೆದುರು ಒಂಬತ್ತನೇ ರೌಂಡ್‌ನಲ್ಲಿ ಸೋತ ಡೇನಿಯಲ್ ಡುಬೋಯಿಸ್, ಆಮೇಲೆ ಜರೆಲ್ ಮಿಲ್ಲರ್, ಫಿಲಿಪ್ ಹರ್ಗೋವಿಚ್, ಜೋಶುವಾ ಮೂವರನ್ನೂ ಮುಗಿಸಿದ. ಜೋಶುವಾನನ್ನು ಐದನೇ ರೌಂಡ್‌ನಲ್ಲಿ ನಾಕೌಟ್ ಮಾಡಿದ ಮೇಲಂತೂ 'ಇವನು ಹೊಸ ಮನುಷ್ಯ' ಎಂಬ ಮಾತು ಎಲ್ಲೆಡೆ. ಹೊಸ ಮನುಷ್ಯನೇ, ಸುಳ್ಳಲ್ಲ. ಆದರೆ ಆ ಮೂವರೂ ಆರ್ಥಡಾಕ್ಸ್ (ಎಡಗಾಲು ಮುಂದಿಟ್ಟು ನಿಲ್ಲುವವರು), ಮೂವರೂ ಎದುರಿಗೆ ನಿಲ್ಲುವವರು. ಸೌತ್‌ಪಾ ಕೋನ, ಹೊರಗಡೆ ಸರಿಯುವ ಪಾದ, ಅಂದರೆ ಡುಬೋಯಿಸ್ ಸೋತ ನಿಜವಾದ ಕಾರಣ, ನಡುವಿನ ಒಂದೂ ಪಂದ್ಯದಲ್ಲಿ ಪರೀಕ್ಷೆಗೇ ಒಳಗಾಗಲಿಲ್ಲ. 2025ರ ಜುಲೈ 19ರಂದು ವೆಂಬ್ಲಿಯಲ್ಲಿ ಐದನೇ ರೌಂಡ್‌ನಲ್ಲಿ ಎರಡು ಸಲ ಬಿದ್ದ, ಪಂದ್ಯ ಮುಗಿಯಿತು. ನಡುವಿನ ಗೆಲುವುಗಳನ್ನು ಎಣಿಸುವ ಮುಂಚೆ ಅವು ಯಾವ ಪ್ರಶ್ನೆಗೆ ಉತ್ತರ ಎಂದು ನೋಡಿ.

ರಿಂಗಿನ ಅಳತೆ, ರೆಫರಿ, ಗ್ಲೌಸ್

ವೃತ್ತಿಪರ ರಿಂಗ್ ಹಗ್ಗದೊಳಗೆ ಸಾಮಾನ್ಯವಾಗಿ 16ರಿಂದ 24 ಅಡಿ ಚದರ ಇರುತ್ತದೆ. 18 ಅಡಿಯದು 324 ಚದರಡಿ, 22 ಅಡಿಯದು 484. ನಾಲ್ಕೇ ಅಡಿ ಬದಲಾಗಿ ಸುಮಾರು ಅರ್ಧದಷ್ಟು ಜಾಗ ಹೆಚ್ಚು. ಜೀನ್ ಟನ್ನಿಗೆ 1927ರ ಷಿಕಾಗೋ ರೀಮ್ಯಾಚ್‌ನಲ್ಲಿ 20 ಅಡಿಯ ರಿಂಗ್ ಸಿಕ್ಕಿತು. ಇಕ್ಕಟ್ಟಿನಲ್ಲಿ ಮೇಲೆ ಬೀಳುವ ಜಾಕ್ ಡೆಂಪ್ಸಿಗೆ ಅದು ಒಗ್ಗುವ ಅಳತೆಯಲ್ಲ. ಏಳನೇ ರೌಂಡ್‌ನಲ್ಲಿ ಟನ್ನಿಯನ್ನು ಕೆಡವಿದ ಮೇಲೂ ದೂರದ ಮೂಲೆಗೆ ಹೋಗಲು ಡೆಂಪ್ಸಿ ತಡಮಾಡಿದ್ದರಿಂದ ಎಣಿಕೆ ತಡವಾಯಿತು ಅನ್ನುವುದನ್ನು ಎಲ್ಲರೂ ನೆನಪಿಡುತ್ತಾರೆ. ಎದ್ದ ಟನ್ನಿ ಆ ರೌಂಡ್ ಉಳಿದದ್ದು ಹಿಂದಕ್ಕೆ ಸುತ್ತಲು ಜಾಗ ಇದ್ದದ್ದರಿಂದ ಅನ್ನುವುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ.

ರೆಫರಿಯ ಹೆಸರು ಹೊರಬಿದ್ದಾಗ ಅವನು ಕ್ಲಿಂಚ್ ಎಷ್ಟು ಬೇಗ ಬಿಡಿಸುತ್ತಾನೆ ಎಂದು ಹಿಂದಿನ ಪಂದ್ಯಗಳಲ್ಲಿ ನೋಡಿಟ್ಟುಕೊಳ್ಳಿ. 1974ರಲ್ಲಿ ಅಲಿ ಫ್ರೇಜಿಯರ್‌ನ ಕುತ್ತಿಗೆ ಹಿಡಿದು ಕೆಳಗೆಳೆಯುತ್ತಲೇ 12 ರೌಂಡ್ ಗೆದ್ದ, ರೆಫರಿ ಸುಮ್ಮನಿದ್ದ. 1975ರ ಮನಿಲಾ ಪಂದ್ಯಕ್ಕೆ ಫ್ರೇಜಿಯರ್‌ನ ಟ್ರೇನರ್ ಎಡ್ಡಿ ಫಚ್ ಬೇರೆ ರೆಫರಿ ಬೇಕೆಂದು ಹಟ ಹಿಡಿದು ಗೆದ್ದ. ಕಾರ್ಲೋಸ್ ಪಡಿಲ್ಲಾ ಬಂದು ಆ ಹಿಡಿತವನ್ನು ಬಿಡಿಸುತ್ತಾ ಹೋದದ್ದರಿಂದಲೇ ಆ ಪಂದ್ಯದಲ್ಲಿ ಅಷ್ಟು ಹತ್ತಿರದ ಹೊಡೆದಾಟ ನಡೆಯಿತು. ತಬ್ಬಿ ತಪ್ಪಿಸಿಕೊಳ್ಳುವ ಯೋಜನೆಯವನಿಗೆ ಕಟ್ಟುನಿಟ್ಟಿನ ರೆಫರಿ ಸಿಕ್ಕರೆ ನಾನು ಅವನ ಪಾಲಿನಿಂದ ಐದಾರು ಶೇಕಡಾ ಕಡಿಮೆ ಮಾಡುತ್ತೇನೆ. ಗ್ಲೌಸ್ ಇಬ್ಬರಿಗೂ 10 ಔನ್ಸ್. ಕುದುರೆ ಕೂದಲು ತುಂಬಿದ್ದು ಮುಷ್ಟಿಯ ಗಟ್ಟಿತನವನ್ನು ಹೆಚ್ಚು ದಾಟಿಸುತ್ತದೆ, ಫೋಮ್‌ನದು ಕೈ ಕಾಪಾಡುತ್ತದೆ. ಕೈಮೂಳೆ ಗಾಯದ ಇತಿಹಾಸ ಇರುವವನಿಗೆ ಬಿಟ್ಟರೆ ಇದು ಫಲಿತಾಂಶ ತಿರುಗಿಸುವಷ್ಟು ದೊಡ್ಡದಲ್ಲ.

ಸಂಖ್ಯೆ ಬರೆಯುವಾಗ

ಯಾರು ಗೆಲ್ಲುತ್ತಾರೆ ಎಂದಷ್ಟೇ ಬರೆಯುವುದು ಸೋಮಾರಿತನ. ಶೇಕಡಾವಾರು ಬರೆಯಿರಿ, ಅದನ್ನು ಒಡೆದು ಬರೆಯಿರಿ: ಮೊದಲ ನಾಲ್ಕು ರೌಂಡ್‌ನೊಳಗೆ ನಿಲುಗಡೆ, ಐದರಿಂದ ಎಂಟು, ಒಂಬತ್ತರಿಂದ ಹನ್ನೆರಡು, ಅಂಕಗಳ ಮೇಲೆ. ಇಬ್ಬರಿಗೂ. ಈ ಎಂಟು ಅಂಕಿ ಬರೆದಾಗ ಯೋಚನೆಯ ತೂತುಗಳು ತಾವಾಗಿ ಕಾಣುತ್ತವೆ. ಹೊಡೆತಗಾರ ಸೋತಿದ್ದು ಬಳಲಿಕೆಯಿಂದ ಎಂದು ನಂಬುವವರು ಅವನಿಗೆ 11ನೇ ರೌಂಡ್‌ನ ನಾಕೌಟ್ ಕೊಟ್ಟಿದ್ದರೆ ಎಲ್ಲೋ ಏರುಪೇರಾಗಿದೆ. ಬೆಟ್ಟಿಂಗ್ ಮಾರುಕಟ್ಟೆಯ ಅಂದಾಜಿನ ಜೊತೆ ಹೋಲಿಸುವುದಾದರೆ, 1.60 ದರ (ಗೆದ್ದರೆ ಒಂದು ರೂಪಾಯಿಗೆ 1.60 ವಾಪಸ್) ಅಂದರೆ 62.5%, 2.50 ಅಂದರೆ 40%. ಡ್ರಾ ಪಕ್ಕಕ್ಕಿಟ್ಟರೂ ಕೂಡಿದರೆ 102.5, ಆ ಮೇಲಿನ ಎರಡೂವರೆ ದರ ಕೊಡುವವರ ಪಾಲು. ಅದನ್ನು ತೆಗೆದರೆ 61 ಮತ್ತು 39 ಉಳಿಯುತ್ತದೆ. ನಿಮ್ಮ ಅಂದಾಜು ಇದಕ್ಕಿಂತ 15 ಶೇಕಡಾ ದೂರವಿದ್ದರೆ ನಿಮಗೆ ಗೊತ್ತಿರುವುದು ಬೇರೆಯವರಿಗೆ ಏಕೆ ಗೊತ್ತಿಲ್ಲ ಎಂದು ಒಂದು ಸಾಲಿನಲ್ಲಿ ಬರೆಯಲು ಸಾಧ್ಯವೇ ನೋಡಿ.

ಪಂದ್ಯ ಶುರುವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಮೊದಲ ಎರಡು ರೌಂಡ್‌ನಲ್ಲಿ ಸೋತವನ ಹೊಸ ಯೋಜನೆ ಕಾಣಲೇಬೇಕು. ಅಲ್ಲೇ ಕಾಣದಿದ್ದರೆ ಆಮೇಲೆ ಬರುವುದಿಲ್ಲ. ಕಂಡರೆ, ಮೊದಲ ಗಟ್ಟಿ ಪೆಟ್ಟು ತಿಂದ ಮೇಲಿನ ಒಂದು ನಿಮಿಷ ನೋಡಿ. ಜೋಶುವಾ 2022ರಲ್ಲಿ ಜೆಡ್ಡಾದಲ್ಲಿ ಉಸಿಕ್ ಎದುರು ಹೊಟ್ಟೆಗೆ ಬಲಗೈ ಹಾಕುವ ಹೊಸ ಯೋಜನೆಯನ್ನು ಒಂಬತ್ತನೇ ರೌಂಡ್‌ವರೆಗೆ ಹಿಡಿದುಕೊಂಡು ಹೋದ, ಆ ರೌಂಡ್ ಅವನ ಅತ್ಯುತ್ತಮದ್ದೂ ಆಯಿತು. ಹತ್ತನೆಯದರಲ್ಲಿ ಉಸಿಕ್ ವೇಗ ಏರಿಸಿದಾಗ ಉತ್ತರ ಇರಲಿಲ್ಲ, ಆದರೂ ಒಬ್ಬ ಜಡ್ಜ್ 115-113 ಜೋಶುವಾಗೇ ಕೊಟ್ಟರು. ವೈಲ್ಡರ್ 2021ರ ಅಕ್ಟೋಬರ್‌ನ ಮೂರನೇ ಪಂದ್ಯದಲ್ಲಿ ಹೊಸ ಟ್ರೇನರ್ ಹೇಳಿಕೊಟ್ಟಂತೆ ಹೊಟ್ಟೆಗೆ ಜ್ಯಾಬ್ ಹಾಕುತ್ತಾ ಶುರುಮಾಡಿದ. ಮೂರನೇ ರೌಂಡ್‌ನಲ್ಲಿ ಬಿದ್ದ ಮೇಲೆ ಆ ಜ್ಯಾಬ್ ಮಾಯವಾಯಿತು, ಯೋಜನೆಯ ಪ್ರಕಾರ ನೋಡಿದರೆ ಪಂದ್ಯ ಅಲ್ಲಿಗೇ ಮುಗಿದಂತೆ. ನಾಲ್ಕನೇ ರೌಂಡ್‌ನಲ್ಲಿ ಅವನ ಬಲಗೈ ಫ್ಯೂರಿಯನ್ನು ಎರಡು ಸಲ ಕೆಡವಿತು, ಫ್ಯೂರಿ ಎದ್ದು 11ರಲ್ಲಿ ಗೆದ್ದ. ಆ ಬಲಗೈಯಂಥದ್ದು ಒಬ್ಬನಲ್ಲಿ ಇದ್ದರೆ, ಉಳಿದೆಲ್ಲ ವಿಶ್ಲೇಷಣೆ ಅವನ ವಿರುದ್ಧ ನಿಂತರೂ ನಾನು ಅವನ ಹೆಸರಿನ ಮುಂದೆ 20%ಗಿಂತ ಕಡಿಮೆ ಬರೆಯುವುದಿಲ್ಲ.